ಫಿಲ್ಮ್ ನಿಮ್ಮ ಕೈಯಲ್ಲಿ, ಚಿತ್ರ ಯಾರ ಕೈಯಲ್ಲಿ?



ಬೆಳಗಿನ ಜಾವ ಐದು ಗಂಟೆಗೆ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಯಾವತ್ತಾದ್ರೂ ನಿಂತಿದ್ದೀರಾ? ಸುಮ್ಮನೆ ಅರ್ಧ ಗಂಟೆ ನಿಂತು ನೋಡಿ. ರಾಯಚೂರು, ಬೀದರ್, ಹಾವೇರಿ, ಶಿವಮೊಗ್ಗ ಕಡೆಯ ರಾತ್ರಿ ಬಸ್ಸುಗಳು ಒಂದರ ಹಿಂದೆ ಒಂದು ಬಂದು ನಿಲ್ತವೆ. ಇಳಿಯೋ ಜನರ ಕೈ ಗಮನಿಸಿ. ಒಬ್ಬರ ಕೈಯಲ್ಲಿ ಸೂಟ್‌ಕೇಸ್, ಇನ್ನೊಬ್ಬರ ಕೈಯಲ್ಲಿ ಅಕ್ಕಿ ಚೀಲ, ಮತ್ತೊಬ್ಬರ ಹೆಗಲ ಮೇಲೆ ನಿದ್ದೆ ಮಾಡ್ತಿರೋ ಮಗು. ಅವರ ನಡುವೆ ಕೆಲವರ ಕಂಕುಳಲ್ಲಿ ಒಂದು ದೊಡ್ಡ ಕವರ್ ಇರುತ್ತೆ. ಮೂಲೆ ಮಡಚಿರುತ್ತೆ. ಮೇಲೆ ಯಾವುದೋ ಸ್ಕ್ಯಾನಿಂಗ್ ಸೆಂಟರ್‌ ಹೆಸರು. ಬ್ಯಾಗನ್ನು ಸೀಟಿನ ಕೆಳಗೆ ತಳ್ಳಿರ್ತಾರೆ, ಆ ಕವರನ್ನು ಮಾತ್ರ ರಾತ್ರಿಯಿಡೀ ತೊಡೆ ಮೇಲೆ ಇಟ್ಕೊಂಡು ಬಂದಿರ್ತಾರೆ.

ಅವರು ಆಟೋದವರಿಗೆ ಹೇಳೋ ವಿಳಾಸ ನಿಮಗೂ ಗೊತ್ತು. ನಿಮ್ಹಾನ್ಸ್, ಕಿದ್ವಾಯಿ, ಜಯದೇವ, ವಿಕ್ಟೋರಿಯಾ.

ಆ ಕವರ್ ಒಳಗೆ ಇರೋದು ಎಕ್ಸ್‌ರೇ ಫಿಲ್ಮ್, ಸಿಟಿ ಸ್ಕ್ಯಾನ್ ಫಿಲ್ಮ್, ಎಂಆರ್‌ಐ ಫಿಲ್ಮ್. ಕೊತ್ತಂಬರಿ ಸೊಪ್ಪಿಗೂ ಮೊಬೈಲ್‌ನಲ್ಲೇ ದುಡ್ಡು ಕಳಿಸ್ತೀವಿ. ಹೆಣ್ಣು ನೋಡೋ ಶಾಸ್ತ್ರ ವಿಡಿಯೋ ಕಾಲ್‌ನಲ್ಲಿ ಮುಗಿಯುತ್ತೆ. ಆದರೆ ಒಬ್ಬ ಮನುಷ್ಯನ ಮೆದುಳಿನ ಚಿತ್ರ ಮಾತ್ರ ಇವತ್ತಿಗೂ ರಾತ್ರಿ ಬಸ್ಸಿನಲ್ಲಿ, ಕಂಕುಳಲ್ಲಿ ಬರಬೇಕು. ಯಾಕೆ?

ಇವತ್ತಿನ ಮಾತು ಇದೇ ಪ್ರಶ್ನೆಯ ಬಗ್ಗೆ. ಇದು ಕಂಪ್ಯೂಟರ್ ಎಂಜಿನಿಯರ್‌ಗಳಿಗೆ ಬಿಟ್ಟ ವಿಷಯ ಅಂತ ಚಾನೆಲ್ ಬದಲಿಸಬೇಡಿ. ಇವತ್ತಲ್ಲ ನಾಳೆ ನಿಮ್ಮ ಮನೆಗೂ ಅಂಥದ್ದೊಂದು ಕವರ್ ಬರುತ್ತೆ. ನಮ್ಮ ಮನೆಗೆ ಬಂತು. ಮೊದಲು ಅದನ್ನೇ ಹೇಳ್ತೀನಿ.

ಒಂದು ದಿನ ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದೆ. ಫೋನ್‌ನಲ್ಲಿ ಹದಿನಾಲ್ಕು ಮಿಸ್ಡ್ ಕಾಲ್. ಎಲ್ಲವೂ ಊರಿನಲ್ಲಿರೋ ನನ್ನ ದೊಡ್ಡಪ್ಪನ ಮಗನದ್ದು. ತಿರುಗಿ ಫೋನ್ ಮಾಡಿದೆ. "ಅಣ್ಣಾ, ಅಪ್ಪಂಗೆ ಬಾಯಿ ಸೊಟ್ಟ ಆಗಿದೆ. ಎಡಗೈ ಎತ್ತಕ್ಕೆ ಆಗ್ತಿಲ್ಲ. ಮಾತು ತೊದಲ್ತಾ ಇದೆ" ಅಂದ. ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಗೆ ಆಗಲೇ ಕರ್ಕೊಂಡು ಹೋಗಿದ್ದ. ತಲೆಯ ಸಿಟಿ ಸ್ಕ್ಯಾನ್ ಆಗಿತ್ತು. ಮೆದುಳಲ್ಲಿ ಸ್ವಲ್ಪ ರಕ್ತಸ್ರಾವ ಆಗಿರೋ ಹಾಗಿದೆ, ನರರೋಗ ತಜ್ಞರು ಇಲ್ಲಿಲ್ಲ, ಬೆಂಗಳೂರಿಗೆ ಕರ್ಕೊಂಡು ಹೋಗೋದು ಒಳ್ಳೇದು ಅಂದಿದ್ರು.

ಪಾರ್ಶ್ವವಾಯು ಅಂತ ನಾವು ಕರೆಯೋದರಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಳ್ಳುತ್ತೆ. ಇನ್ನೊಂದರಲ್ಲಿ ರಕ್ತನಾಳ ಒಡೆಯುತ್ತೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ. ಅದೇ ಸೊಟ್ಟ ಬಾಯಿ, ಅದೇ ಬಿದ್ದ ಕೈ. ಆದರೆ ಮೊದಲನೆಯದಕ್ಕೆ ಕೊಡೋ ಹೆಪ್ಪು ಕರಗಿಸೋ ಇಂಜೆಕ್ಷನ್ನು ಎರಡನೆಯದಕ್ಕೆ ಕೊಟ್ಟರೆ ಜೀವಕ್ಕೇ ಅಪಾಯ. ಯಾವುದು ಯಾವುದು ಅಂತ ಹೇಳೋದು ಸ್ಕ್ಯಾನ್. ಅದೂ ಬೇಗ ಹೇಳಬೇಕು. ಆ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರೋ ಸಮಯ ನಾಲ್ಕೂವರೆ ಗಂಟೆ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯ್ತವೆ ಅನ್ನೋದು ನರತಜ್ಞರ ಲೆಕ್ಕ.

ನಾನು ಬುದ್ಧಿವಂತಿಕೆ ತೋರಿಸಿದೆ. "ಫಿಲ್ಮ್ ಫೋಟೋ ತೆಗೆದು ವಾಟ್ಸಾಪ್ ಮಾಡೋ, ನನಗೆ ಗೊತ್ತಿರೋ ಡಾಕ್ಟರಿಗೆ ತೋರಿಸ್ತೀನಿ" ಅಂದೆ. ಅವನು ಆಸ್ಪತ್ರೆ ವರಾಂಡದಲ್ಲಿ ಫಿಲ್ಮನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಫೋಟೋ ತೆಗೆದ. ನಾನು ನರತಜ್ಞನಾಗಿರೋ ಗೆಳೆಯನಿಗೆ ಕಳಿಸಿದೆ. ಐದು ನಿಮಿಷಕ್ಕೆ ಅವನ ಫೋನು. "ಗುರುವೇ, ಇದು ಟ್ಯೂಬ್‌ಲೈಟಿನ ಫೋಟೋ, ಮೆದುಳಿಂದಲ್ಲ. ಡೈಕಾಮ್ ಫೈಲ್ ಕೊಡಿ ಅಂತ ಕೇಳು. ಅದನ್ನ ನೋಡಿದ್ರೆ ಈ ಮನುಷ್ಯನ್ನ ರಾತ್ರೋರಾತ್ರಿ ಸಾಗಿಸಬೇಕಾ ಬೇಡವಾ ಅಂತ ಇಲ್ಲೇ ಕೂತು ಹೇಳ್ತೀನಿ."

ತಮ್ಮ ಹೋಗಿ ಕೇಳಿದ. ಬಂದ ಉತ್ತರ ಕೇಳಿ. "ಅದೆಲ್ಲ ಕೊಡಕ್ಕೆ ಬರಲ್ಲ ಸಾರ್, ಸಿಸ್ಟಮ್‌ನಲ್ಲಿರುತ್ತೆ. ಸಿಡಿ ಬೇಕಾದ್ರೆ ಬೆಳಿಗ್ಗೆ ಹತ್ತು ಗಂಟೆಗೆ ಕೌಂಟರ್ ಹತ್ರ ಬನ್ನಿ."

ಹತ್ತು ಗಂಟೆವರೆಗೆ ಯಾರು ಕಾಯ್ತಾರೆ? ಆಂಬುಲೆನ್ಸ್ ಮಾಡಿದ್ರು. ಆರು ಗಂಟೆ ದಾರಿ, ಘಾಟಿಯ ತಿರುವುಗಳು, ಆಕ್ಸಿಜನ್ ಸಿಲಿಂಡರ್ ಜೊತೆ ಎಪ್ಪತ್ತು ದಾಟಿದ ಜೀವ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನ್ ಆಯಿತು. ಸಣ್ಣ ರಕ್ತಸ್ರಾವ. ಆಪರೇಷನ್ ಬೇಕಾಗಿಲ್ಲ. ರಕ್ತದೊತ್ತಡ ಹಿಡಿತದಲ್ಲಿಟ್ಟು ನಿಗಾ ಮಾಡಿದ್ರೆ ಸಾಕು ಅಂದ್ರು.

ಆಮೇಲೆ ನನ್ನ ಗೆಳೆಯ ಒಂದು ಮಾತು ಹೇಳಿದ. "ಎರಡನೇ ಸ್ಕ್ಯಾನ್ ಮಾಡಿದ್ದು ತಪ್ಪಲ್ಲ. ರಕ್ತಸ್ರಾವ ಹೆಚ್ಚಿದೆಯಾ ಅಂತ ನೋಡೋಕೆ ಅದು ಹೇಗೂ ಬೇಕಿತ್ತು. ಬೇಡದೇ ಇದ್ದದ್ದು ಆ ಆರು ಗಂಟೆಯ ಪ್ರಯಾಣ. ಮೊದಲ ಚಿತ್ರ ಸರಿಯಾಗಿ ನೋಡಿದ್ದಿದ್ರೆ, ಅಲ್ಲೇ ಐಸಿಯುನಲ್ಲಿ ಇಟ್ಟು ಏನು ಮಾಡಬೇಕು ಅಂತ ಫೋನಲ್ಲೇ ಹೇಳಬಹುದಿತ್ತು."

ದೊಡ್ಡಪ್ಪ ಉಳಿದುಕೊಂಡ್ರು. ಆದರೆ ಆ ರಾತ್ರಿ ಘಾಟಿಯಲ್ಲಿ ಏನಾದ್ರೂ ಆಗಿದ್ದಿದ್ರೆ? ಅದಕ್ಕೆ ಕಾರಣ ಮೆದುಳಿನ ರಕ್ತಸ್ರಾವ ಅಂತ ಬರೀತಿದ್ರು. ಕೌಂಟರ್ ಮುಚ್ಚಿತ್ತು ಅಂತ ಯಾರೂ ಬರೀತಿರಲಿಲ್ಲ.

ಈಗ ಪ್ರಶ್ನೆ. ಕೈಯಲ್ಲಿ ಫಿಲ್ಮ್ ಇತ್ತಲ್ಲ, ಡೈಕಾಮ್ ಅಂತ ಬೇರೆ ಏನೋ ಯಾಕೆ ಬೇಕು?

ಹಳೇ ಕಾಲದ ಎಕ್ಸ್‌ರೇ ನಿಜವಾಗಲೂ ಒಂದು ಫೋಟೋ. 1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಕ್ಷ-ಕಿರಣ ಕಂಡುಹಿಡಿದರು. ಅದೇ ಡಿಸೆಂಬರ್‌ನಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದರು. ಬೆರಳಿನ ಮೂಳೆ, ಮೂಳೆಯ ಮೇಲೆ ಉಂಗುರ. ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ 1901ರಲ್ಲಿ ಅವರಿಗೇ ಬಂತು. ಆದರೆ ಅವರು ಅದಕ್ಕೆ ಪೇಟೆಂಟ್ ತಗೊಳ್ಳಲಿಲ್ಲ. ಇದು ಜಗತ್ತಿನ ಎಲ್ಲರ ಸೊತ್ತು ಅಂತ ಬಿಟ್ಟುಕೊಟ್ಟರು. ಈ ಮಾತು ನೆನಪಿರಲಿ, ಮತ್ತೆ ಬರ್ತೀನಿ.

ಸಿಟಿ ಸ್ಕ್ಯಾನ್ ಹಾಗಲ್ಲ. ಅದು ಹುಟ್ಟಿದ್ದೇ ಅಂಕಿಗಳಾಗಿ. ನಮ್ಮ ಅಜ್ಜಂದಿರ ಕಾಲದಲ್ಲಿ ಎಚ್‌ಎಂವಿ ಗ್ರಾಮಫೋನ್ ತಟ್ಟೆಗಳಿದ್ದವಲ್ಲ, ಅದರ ಹಿಂದಿದ್ದ ಬ್ರಿಟನ್ನಿನ ಇಎಂಐ ಕಂಪನಿಯಲ್ಲೇ ಕೆಲಸ ಮಾಡ್ತಿದ್ದ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅದನ್ನು ಕಟ್ಟಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳನ್ನು ಸ್ಕ್ಯಾನ್ ಮಾಡಿದರು. ಸೌತೆಕಾಯಿ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಹಾಗೆ ದೇಹವನ್ನು ಹೋಳು ಹೋಳಾಗಿ ನೋಡೋ ಯಂತ್ರ ಅದು. ಇವತ್ತಿನ ಯಂತ್ರದಲ್ಲಿ ಒಂದೊಂದು ಹೋಳಿಗೆ 512 ಅಡ್ಡ, 512 ಉದ್ದ ಚುಕ್ಕಿಗಳು. ಅಂದ್ರೆ ಒಂದು ಹೋಳಿನಲ್ಲಿ 2.6 ಲಕ್ಷ ಚುಕ್ಕಿ. ಪ್ರತಿಯೊಂದು ಚುಕ್ಕಿಗೂ ಒಂದು ಅಂಕಿ. ನೀರಿಗೆ ಸೊನ್ನೆ. ಗಾಳಿಗೆ ಮೈನಸ್ 1000. ಗಟ್ಟಿ ಮೂಳೆಗೆ ಸಾವಿರದ ಆಸುಪಾಸು. ಮೆದುಳಿನ ಮಾಮೂಲಿ ಭಾಗ ಮೂವತ್ತು ನಲವತ್ತರ ಸುತ್ತ ಇದ್ದರೆ, ಆಗತಾನೇ ಹೆಪ್ಪುಗಟ್ಟಿದ ರಕ್ತ ಅರವತ್ತರ ಆಸುಪಾಸು.

ಸಾವಿರಾರು ಮೆಟ್ಟಿಲಿನ ಏಣಿಯಲ್ಲಿ ಇಪ್ಪತ್ತು ಮೂವತ್ತು ಮೆಟ್ಟಿಲಿನ ವ್ಯತ್ಯಾಸ, ಅಷ್ಟೇ. ಆ ವ್ಯತ್ಯಾಸದಲ್ಲಿ ನನ್ನ ದೊಡ್ಡಪ್ಪನ ಜೀವ ಇತ್ತು.

ವೈದ್ಯರು ಕಂಪ್ಯೂಟರ್ ಮುಂದೆ ಕೂತಾಗ ಈ ಏಣಿಯ ಯಾವ ಭಾಗ ಬೇಕೋ ಅದನ್ನು ಹಿಗ್ಗಿಸಿ ನೋಡ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ವಿಂಡೋ ಅಂತಾರೆ. ಮೂಳೆ ನೋಡೋಕೆ ಒಂದು ಕಿಟಕಿ, ಮೆದುಳಿಗೆ ಇನ್ನೊಂದು, ಶ್ವಾಸಕೋಶಕ್ಕೆ ಮತ್ತೊಂದು. ಚಿತ್ರ ಅದೇ, ಕಿಟಕಿ ಬದಲಾದರೆ ಕಾಣೋದು ಬದಲಾಗುತ್ತೆ. ಒಂದರಲ್ಲಿ ಮಾಯವಾಗಿರೋ ಬಿರುಕು ಇನ್ನೊಂದರಲ್ಲಿ ಎದ್ದು ಕಾಣುತ್ತೆ. ಫಿಲ್ಮ್ ಪ್ರಿಂಟ್ ಹಾಕೋವಾಗ ಒಂದೋ ಎರಡೋ ಕಿಟಕಿ ಆರಿಸಿ, ನೂರಾರು ಹೋಳುಗಳಲ್ಲಿ ಕೆಲವನ್ನು ಮಾತ್ರ ಅಂಚೆ ಚೀಟಿಗಳ ಥರ ಜೋಡಿಸಿ ಅಚ್ಚು ಹಾಕ್ತಾರೆ. ಉಳಿದ ಕಿಟಕಿಗಳೆಲ್ಲ ಅಲ್ಲಿಗೆ ಮುಚ್ಚಿದವು. ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಮೊಬೈಲ್‌ನಲ್ಲಿ ಫೋಟೋ ತೆಗೆದು, ವಾಟ್ಸಾಪ್ ಅದನ್ನ ಇನ್ನಷ್ಟು ಹಿಂಡಿ ಕಳಿಸಿದ ಮೇಲೆ ಉಳಿಯೋದು ಏನು? ಕಬ್ಬಿನ ರಸ ಅಲ್ಲ ಸ್ವಾಮೀ, ಸಿಪ್ಪೆ.

ಹಾಗಾದ್ರೆ ಪೂರ್ತಿ ಅಂಕಿಗಳನ್ನು ಕಳಿಸೋದು ಅಷ್ಟು ಕಷ್ಟವಾ? ಒಂದು ಹೋಳಿಗೆ ಸುಮಾರು ಅರ್ಧ ಎಂಬಿ. ಮುನ್ನೂರು ಹೋಳಿದ್ದರೆ 150 ಎಂಬಿ. ಮದುವೆ ಮನೆಯಲ್ಲಿ ಮಾಂಗಲ್ಯಧಾರಣೆ ಹೊತ್ತಿಗೆ ನೀವು ತೆಗೆಯೋ ಎರಡು ನಿಮಿಷದ ವಿಡಿಯೋದಷ್ಟು. ಅದನ್ನು ದುಬೈನಲ್ಲಿರೋ ಭಾವನಿಗೆ ಊಟದ ಪಂಕ್ತಿ ಏಳೋದರೊಳಗೆ ಕಳಿಸ್ತೀರಲ್ಲ!

ಒಂದು ಕಾಲದಲ್ಲಿ ಕಷ್ಟ ಇತ್ತು, ನಿಜ. ಹಳೇ ಮೊಬೈಲ್ ಚಾರ್ಜರ್‌ಗಳು ನೆನಪಿದೆಯಾ? ಒಂದು ಕಂಪನಿಗೆ ದಪ್ಪ ಪಿನ್ನು, ಇನ್ನೊಂದಕ್ಕೆ ಸಣ್ಣ ಪಿನ್ನು. ಒಬ್ಬರದ್ದು ಇನ್ನೊಬ್ಬರಿಗೆ ಆಗ್ತಿರಲಿಲ್ಲ. ಸ್ಕ್ಯಾನಿಂಗ್ ಯಂತ್ರಗಳ ಕತೆಯೂ ಇದೇ ಆಗಿತ್ತು. ಒಂದು ಕಂಪನಿಯ ಯಂತ್ರ ತೆಗೆದ ಚಿತ್ರ ಇನ್ನೊಂದು ಕಂಪನಿಯ ಪರದೆಯಲ್ಲಿ ತೆರೀತಿರಲಿಲ್ಲ. ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ ಮತ್ತು ಅಲ್ಲಿನ ವಿದ್ಯುತ್ ಉಪಕರಣ ತಯಾರಕರ ಸಂಘ 1983ರಲ್ಲಿ ಒಟ್ಟಿಗೆ ಕೂತವು. 1985ರಲ್ಲಿ ಮೊದಲ ನಿಯಮಾವಳಿ ಬಂತು. ತಿದ್ದಿ ತೀಡಿ 1993ರಲ್ಲಿ ಅದಕ್ಕೆ ಡೈಕಾಮ್ ಅಂತ ಹೆಸರಿಟ್ಟರು. ಡಿಜಿಟಲ್ ಇಮೇಜಿಂಗ್ ಅಂಡ್ ಕಮ್ಯುನಿಕೇಷನ್ಸ್ ಇನ್ ಮೆಡಿಸಿನ್. ಹೆಸರು ಉದ್ದ, ಅರ್ಥ ಚಿಕ್ಕದು: ಯಾರ ಯಂತ್ರದಲ್ಲಿ ತೆಗೆದ ಚಿತ್ರವಾದರೂ ಯಾರ ಕಂಪ್ಯೂಟರ್‌ನಲ್ಲಾದರೂ ತೆರೆಯಬೇಕು. ಇನ್ನು, ಆ ಚಿತ್ರಗಳನ್ನೆಲ್ಲ ಜೋಪಾನವಾಗಿಟ್ಟು, ಕೇಳಿದ ವೈದ್ಯರ ಪರದೆಗೆ ಕಳಿಸಿಕೊಡೋ ವ್ಯವಸ್ಥೆಗೆ ಪ್ಯಾಕ್ಸ್ ಅಂತಾರೆ. ಆಸ್ಪತ್ರೆಯವರು "ಸಿಸ್ಟಮ್‌ನಲ್ಲಿದೆ" ಅಂದ್ರಲ್ಲ, ಆ ಸಿಸ್ಟಮ್ ಇದೇ. ಚಿತ್ರಗಳ ಉಗ್ರಾಣ ಅಂದ್ಕೊಳ್ಳಿ.

ಆ ನಿಯಮಾವಳಿಯನ್ನ ಬಳಸೋಕೆ ಯಾರೂ ರಾಯಲ್ಟಿ ಕಟ್ಟಬೇಕಾಗಿಲ್ಲ. ಉಗ್ರಾಣ ಕಟ್ಟೋಕೆ ಕೋಟಿ ಬೇಕು ಅನ್ನೋರಿಗೂ ಉತ್ತರ ಇದೆ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸೆಬಾಸ್ಟಿಯನ್ ಜೊಡೋನ್ ಅನ್ನೋರು ಆರ್ಥಾಂಕ್ ಅಂತ ಒಂದು ತಂತ್ರಾಂಶ ಬರೆದು 2012ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಸಾಧಾರಣ ಕಂಪ್ಯೂಟರ್‌ನಲ್ಲೂ ಅದು ನಡೆಯುತ್ತೆ. ಅಲ್ಲಿಗೆ ರಾಂಟ್‌ಜೆನ್ ಕಿರಣ ಕೊಟ್ಟರು, ಪೇಟೆಂಟ್ ಬೇಡ ಅಂದ್ರು. ಆಮೇಲೆ ಬಂದವರು ನಿಯಮ ಕೊಟ್ಟರು, ತಂತ್ರಾಂಶ ಕೊಟ್ಟರು. ಇಷ್ಟೆಲ್ಲ ಆಗಿ ಕೊನೆಗೆ ನಮ್ಮೂರ ಕೌಂಟರ್‌ನಲ್ಲಿ "ಕೊಡಕ್ಕೆ ಬರಲ್ಲ". ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲ್ಲ ಅನ್ನೋ ಗಾದೆಗೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ?

ಇನ್ನೊಂದು ತಮಾಷೆ ಕೇಳಿ. ತಮಾಷೆ ಅನ್ನೋಕೆ ಹೊಟ್ಟೆ ಉರಿಯುತ್ತೆ, ಆದರೂ ಕೇಳಿ. ಇದೇ ಬೆಂಗಳೂರಿನಲ್ಲಿ 2002ರಲ್ಲಿ ಡಾ. ಅರ್ಜುನ್ ಕಲ್ಯಾಣಪುರ್ ಮತ್ತು ಡಾ. ಸುನೀತಾ ಮಹೇಶ್ವರಿ ದಂಪತಿ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಅನ್ನೋ ಸಂಸ್ಥೆ ಶುರು ಮಾಡಿದರು. ಅವರ ಯೋಚನೆ ಸರಳ. ಅಮೆರಿಕದಲ್ಲಿ ರಾತ್ರಿ ಆದಾಗ ನಮಗೆ ಹಗಲು. ಅಲ್ಲಿ ಮಧ್ಯರಾತ್ರಿ ಅಪಘಾತವಾಗಿ ಬಂದವನ ಸ್ಕ್ಯಾನ್ ನೋಡೋಕೆ ನಿದ್ದೆಗಣ್ಣಿನ ವೈದ್ಯರನ್ನ ಎಬ್ಬಿಸೋದು ಯಾಕೆ? ಕಡಲಾಚೆಗೆ ಕಳಿಸಿ, ಬೆಂಗಳೂರಿನಲ್ಲಿ ಕಾಫಿ ಕುಡಿದು ಕೂತಿರೋ ವೈದ್ಯರು ನೋಡಿ ರಿಪೋರ್ಟ್ ಕಳಿಸ್ತಾರೆ. ಹೀಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಮೆರಿಕದ ತಲೆಗಳ ಚಿತ್ರ ಬೆಂಗಳೂರಿಗೆ ನಿಮಿಷಗಳಲ್ಲಿ ಬಂದು ತಲುಪ್ತಿದೆ. ಅದು ಹೆಮ್ಮೆಯ ವಿಷಯ, ಅನುಮಾನವೇ ಇಲ್ಲ. ನಮ್ಮ ರಾಜ್ಯದ ಒಳಗೂ ಪ್ರಯತ್ನ ನಡೆದಿತ್ತು. ಅದೇ 2002ರ ಹೊತ್ತಿಗೆ ಇಸ್ರೋ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನ, ಕಾಡಂಚಿನ ಸರಗೂರಿನ ಆಸ್ಪತ್ರೆಯನ್ನ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು.

ಅಂದ್ರೆ ಇದು ಆಗೋದಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಸಾವಿರಾರು ಕಿಲೋಮೀಟರ್ ಆಚೆಯಿಂದ, ಏಳು ಸಮುದ್ರ ದಾಟಿ ಚಿತ್ರ ಬೆಂಗಳೂರಿಗೆ ಬರುತ್ತೆ. ಮುನ್ನೂರು ಕಿಲೋಮೀಟರ್ ದೂರದ ನಮ್ಮೂರಿನಿಂದ ಬರಲ್ಲ. ದೀಪದ ಬುಡದಲ್ಲೇ ಕತ್ತಲೆ.

ಈಗ ಕತೆಯ ಇನ್ನೊಂದು ಮುಖ. ನಿಮ್ಮ ಚಿತ್ರ ನಿಮಗೆ ಸಿಗಲ್ಲ, ಸರಿ. ಬೇರೆಯವರಿಗಾದ್ರೂ ಸಿಗದ ಹಾಗೆ ಭದ್ರವಾಗಿದೆಯಾ?

2019ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಗ್ರೀನ್‌ಬೋನ್ ನೆಟ್‌ವರ್ಕ್ಸ್ ಅನ್ನೋ ಸೈಬರ್ ಭದ್ರತಾ ಸಂಸ್ಥೆಯ ಒಂದು ವರದಿ ಹೊರಬಂತು. ಅವರು ಇಂಟರ್‌ನೆಟ್‌ನಲ್ಲಿ ಈ ಪ್ಯಾಕ್ಸ್ ಉಗ್ರಾಣಗಳನ್ನ ಹುಡುಕಿದ್ದರು. ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ನೂರಾರು ಉಗ್ರಾಣಗಳ ಬಾಗಿಲು ಹಾರೊಡೆದಿತ್ತು. ಬೀಗ ಒಡೆದು ನುಗ್ಗಿದ್ದಲ್ಲ, ಬೀಗವೇ ಇರಲಿಲ್ಲ. ಪಾಸ್‌ವರ್ಡ್ ಇಲ್ಲ, ಕೇಳೋರಿಲ್ಲ. 2.4 ಕೋಟಿ ರೋಗಿಗಳ ದಾಖಲೆ ಯಾರು ಬೇಕಾದರೂ ನೋಡಬಹುದಾಗಿತ್ತು. ಕೆಲವು ತಿಂಗಳ ಮೇಲೆ ಅವರು ಮತ್ತೆ ನೋಡಿ ಎರಡನೇ ವರದಿ ಕೊಟ್ಟರು. ಮೊದಲ ಎಚ್ಚರಿಕೆಯ ನಂತರ ಯಾವ ದೇಶ ಬಾಗಿಲು ಹಾಕಿಕೊಂಡಿದೆ, ಯಾವುದು ಹಾಕಿಲ್ಲ ಅಂತ ಗುಡ್, ಬ್ಯಾಡ್, ಅಗ್ಲಿ ಅಂತ ಮೂರು ಗುಂಪು ಮಾಡಿದರು. ಭಾರತ ಯಾವ ಗುಂಪಿನಲ್ಲಿತ್ತು? ಅಗ್ಲಿ. ನಮ್ಮ ದೇಶದ ರೋಗಿಗಳ 12 ಕೋಟಿಗೂ ಹೆಚ್ಚು ಚಿತ್ರಗಳು ಬಯಲಲ್ಲಿ ಬಿದ್ದಿದ್ದವು. ರಾಜ್ಯಗಳ ಪಟ್ಟಿಯಲ್ಲಿ ಮೊದಲು ಮಹಾರಾಷ್ಟ್ರ. ಎರಡನೇ ಸ್ಥಾನ?

ಕರ್ನಾಟಕ. 1.8 ಲಕ್ಷಕ್ಕೂ ಹೆಚ್ಚು ದಾಖಲೆ, 1.37 ಕೋಟಿ ಚಿತ್ರ.

ಆ ಚಿತ್ರಗಳು ಹೆಸರಿಲ್ಲದ ಮೂಳೆ, ಶ್ವಾಸಕೋಶದ ಚಿತ್ರಗಳಲ್ಲ. ಡೈಕಾಮ್ ಫೈಲ್ ಮಾಡಿರೋದೇ ಹಾಗೆ. ಒಬ್ಬರ ಚಿತ್ರ ಇನ್ನೊಬ್ಬರದ್ದರ ಜೊತೆ ಅದಲು ಬದಲಾಗಬಾರದು ಅಂತ ಹೆಸರು, ಹುಟ್ಟಿದ ದಿನ, ಪರೀಕ್ಷೆ ಮಾಡಿದ ದಿನ, ಬರೆದುಕೊಟ್ಟ ವೈದ್ಯರು, ಆಸ್ಪತ್ರೆ ಎಲ್ಲವೂ ಆ ಫೈಲಿನ ಒಳಗೇ ಇರುತ್ತೆ. ಅದು ಅದರ ಗುಣ. ಬಾಗಿಲು ತೆರೆದಿಟ್ಟರೆ ಅದೇ ಅದರ ಕಂಟಕ. ಒಬ್ಬ ಹೆಣ್ಣುಮಗಳ ಸ್ತನದ ಸ್ಕ್ಯಾನ್, ಒಬ್ಬ ಯುವಕನ ಕ್ಷಯದ ಎಕ್ಸ್‌ರೇ, ಗಂಡು ನೋಡ್ತಿರೋ ಹುಡುಗಿಯ ಗರ್ಭಕೋಶದ ಗಡ್ಡೆಯ ಚಿತ್ರ. ಊರ ಮಂದಿಗೆ ಗೊತ್ತಾಗಬಾರದು ಅಂತ ಪಕ್ಕದ ಜಿಲ್ಲೆಗೆ ಹೋಗಿ ತೆಗೆಸಿದ್ದನ್ನ, ಜಗತ್ತಿನ ಯಾವುದೋ ಮೂಲೆಯಲ್ಲಿ ಕೂತವನು ನೋಡಬಹುದು. ಅವಳು ಮಾತ್ರ ಕೌಂಟರ್‌ನಲ್ಲಿ ನಿಂತು ಕೇಳಿದ್ರೆ, "ಕೊಡಕ್ಕೆ ಬರಲ್ಲ ಮೇಡಂ."

ಬೇಕಾದವರಿಗೆ ಬೀಗ, ಬೇಡದವರಿಗೆ ಬಾಗಿಲು. ಇದು ನಮ್ಮ ವ್ಯವಸ್ಥೆ.

ಬೀಗ ಇದ್ದ ಕಡೆಯ ಕತೆಯೂ ಕೇಳಿ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ ಸೈಬರ್ ದಾಳಿ ಆಯಿತು. ಐದು ಸರ್ವರ್‌ಗಳಿಗೆ ಪೆಟ್ಟು. ದೇಶದ ಅತಿ ದೊಡ್ಡ ಹೆಸರಿನ ಆಸ್ಪತ್ರೆಯಲ್ಲಿ ಹೆಚ್ಚೂಕಡಿಮೆ ಎರಡು ವಾರ ನೋಂದಣಿಯಿಂದ ಹಿಡಿದು ರಿಪೋರ್ಟ್‌ವರೆಗೆ ಪೆನ್ನು ಪೇಪರ್‌ನಲ್ಲಿ ಕೆಲಸ ನಡೀತು. ಕಂಪ್ಯೂಟರ್ ಇಲ್ಲದೇ ಬರೆಯೋದು ಹೇಗೆ ಅನ್ನೋದನ್ನೇ ಜನ ಹೊಸದಾಗಿ ಕಲಿಯಬೇಕಾಯಿತು.

ಇದನ್ನು ಕೇಳಿ ಕೆಲವರು ಹೇಳ್ತಾರೆ, ನೋಡಿ, ಅದಕ್ಕೇ ಹಳೇ ಫಿಲ್ಮೇ ವಾಸಿ. ಒಪ್ಪೋಣವಾ? ಫಿಲ್ಮ್ ಹ್ಯಾಕ್ ಆಗಲ್ಲ, ನಿಜ. ಆದರೆ ಫಿಲ್ಮ್ ಕಳೆದುಹೋಗುತ್ತೆ. ಮಳೆಯಲ್ಲಿ ನೆನೆಯುತ್ತೆ, ಬೇಸಿಗೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಹಳೇ ಫಿಲ್ಮಿನಲ್ಲಿರೋ ಬೆಳ್ಳಿ ಅಂಶಕ್ಕೆ ಗುಜರಿಯವರು ಕೆಜಿ ಲೆಕ್ಕದಲ್ಲಿ ಕೊಳ್ಳೋದೂ ನಮಗೆ ಗೊತ್ತು. ಮನೆಗೆ ಕಳ್ಳ ನುಗ್ಗಿದ ಅಂತ ಬಾಗಿಲು ಸರಿ ಮಾಡಿಸ್ತೀವೇ ಹೊರತು ಬಯಲಲ್ಲಿ ಮಲಗಲ್ಲ.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಆಸ್ಪತ್ರೆಯವರು ಎರಡನೇ ಸಲ ಸ್ಕ್ಯಾನ್ ಬರೆದರೆ ಎಲ್ಲವೂ ದುಡ್ಡಿನ ಆಸೆಗೆ ಅಂತ ಅಲ್ಲ. ರೋಗಿಯ ಸ್ಥಿತಿ ಬದಲಾಗಿರಬಹುದು. ಮೊದಲನೆಯದು ಸರಿಯಾಗಿ ಬಂದಿರದೇ ಇರಬಹುದು. ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯೋ ಸ್ಕ್ಯಾನ್ ಬೇಕಿರಬಹುದು. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಟೆಕ್ನಿಷಿಯನ್ ಕೂತಿರೋ ಕಡೆ, ಫೈಲ್ ಕೊಟ್ಟರೆ ನಾಳೆ ಯಾರು ಬೈತಾರೋ ಅನ್ನೋ ಭಯವೂ ಇರುತ್ತೆ. ಊರಿಂದ ಬಂದ ಪೆನ್‌ಡ್ರೈವನ್ನ ಆಸ್ಪತ್ರೆ ಕಂಪ್ಯೂಟರಿಗೆ ಹಾಕಿಸಿಕೊಳ್ಳಲ್ಲ ಅಂದ್ರೆ ಅದರಲ್ಲೂ ಅರ್ಥ ಇದೆ, ಅದರ ಜೊತೆ ವೈರಸ್ ಬರಬಹುದು. ಆದರೆ ಮೊದಲ ಚಿತ್ರ ತೆರೆಯೋಕೆ ಆಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಇನ್ನೊಂದು ಸ್ಕ್ಯಾನ್ ಆಗೋದಿದೆಯಲ್ಲ, ಅದನ್ನ ಒಪ್ಪೋಕೆ ಆಗಲ್ಲ. ದುಡ್ಡು ಒಂದು ಕಡೆ ಇರಲಿ. ತಲೆಯ ಒಂದು ಸಿಟಿ ಸ್ಕ್ಯಾನ್‌ನಲ್ಲಿ ದೇಹಕ್ಕೆ ತಗಲೋ ವಿಕಿರಣ ಸುಮಾರು 2 ಮಿಲಿಸೀವರ್ಟ್. ಪ್ರಕೃತಿಯಿಂದಲೇ ನಮಗೆಲ್ಲ ಇಡೀ ವರ್ಷ ತಗಲೋದು ಜಾಗತಿಕ ಸರಾಸರಿ 2.4. ಹೊಟ್ಟೆಯ ಸಿಟಿ ಆದರೆ ಇನ್ನೂ ಹಲವು ಪಟ್ಟು. ಬೇಕಾದಾಗ ಅದು ಜೀವ ಉಳಿಸುತ್ತೆ, ಹೆದರಿ ಬೇಡ ಅನ್ನಬೇಡಿ. ಆದರೆ ಒಂದು ಸಿಡಿ ತೆರೆಯಲಿಲ್ಲ ಅಂತ ಅಷ್ಟು ವಿಕಿರಣ ಮೈಗೆ ಬೇಕಾ?

ಸಿಡಿ ಅಂದೆ. ಅದರ ಕತೆಯನ್ನೂ ಹೇಳಿಬಿಡ್ತೀನಿ. ಬೆಂಗಳೂರಿನಿಂದ ಡಿಸ್ಚಾರ್ಜ್ ಆಗೋವಾಗ ತಮ್ಮ ಹಟ ಹಿಡಿದು ಕೇಳಿ ಸ್ಕ್ಯಾನ್‌ನ ಸಿಡಿ ತಗೊಂಡ. ಊರಿಗೆ ಹೋಗಿ ನೋಡಿದ್ರೆ ಅವನ ಲ್ಯಾಪ್‌ಟಾಪ್‌ನಲ್ಲಿ ಸಿಡಿ ಹಾಕೋ ಜಾಗವೇ ಇಲ್ಲ. ತಾಲ್ಲೂಕಿನ ಡಾಕ್ಟರ ಹತ್ರ ಕೊಟ್ಟ, ಅವರ ಕಂಪ್ಯೂಟರ್‌ನಲ್ಲೂ ಇಲ್ಲ. ಮೊನ್ನೆ ನಾನು ಊರಿಗೆ ಹೋಗಿದ್ದೆ. ಹಿತ್ತಲಲ್ಲಿ ಬದನೆ ಗಿಡಗಳ ಮೇಲೆ ಹಕ್ಕಿ ಓಡಿಸೋಕೆ ದಾರ ಕಟ್ಟಿ ಸಿಡಿಗಳನ್ನ ತೂಗುಹಾಕಿದ್ದರು. ಬಿಸಿಲಿಗೆ ಪಳ ಪಳ ಅಂತಿತ್ತು. ಒಂದನ್ನ ತಿರುಗಿಸಿ ನೋಡಿದೆ. ಮೇಲೆ ದೊಡ್ಡಪ್ಪನ ಹೆಸರು, ವಯಸ್ಸು, ತಾರೀಖು.

ದೊಡ್ಡಪ್ಪ ಜಗಲಿ ಮೇಲೆ ಕೂತು ನಕ್ಕರು. "ನನ್ನ ತಲೆ ಕೊನೆಗೂ ಒಂದು ಕೆಲಸಕ್ಕೆ ಬಂತಲ್ಲೋ" ಅಂದ್ರು. ನನಗೆ ನಗು ಬರಲಿಲ್ಲ.

ಹಾಗಾದ್ರೆ ಏನು ಮಾಡಬೇಕು? ಪ್ರಶ್ನೆ ಕೇಳಿ ಎದ್ದು ಹೋಗೋನು ನಾನಲ್ಲ. ಮೊದಲು ನಿಮ್ಮ ಹಕ್ಕಿನ ವಿಷಯ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡಾವಳಿ ನಿಯಮಗಳಲ್ಲಿ ಬರೆದಿದೆ. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಕಾಪಾಡಬೇಕು. ರೋಗಿಯೋ ಅವರ ಪರವಾಗಿ ಅಧಿಕಾರ ಇರೋರೋ ಕೇಳಿದರೆ ಕೇಳಿದ್ದಕ್ಕೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಬೇಗ ಸಿಗುವ ಹಾಗೆ ದಾಖಲೆಗಳನ್ನ ಕಂಪ್ಯೂಟರಿಗೆ ಹಾಕೋ ಪ್ರಯತ್ನ ಆಗಬೇಕು ಅಂತಲೂ ಅದರಲ್ಲೇ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಜನರ ಮಾಹಿತಿಗೆ ಸರಿಯಾದ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರಲ್ಲಿ ದೇಶಕ್ಕೆಲ್ಲ ಬಂತು. ಆಭಾ ಅನ್ನೋ 14 ಅಂಕಿಯ ನಂಬರ್‌ಗೆ ನಿಮ್ಮ ಆರೋಗ್ಯ ದಾಖಲೆ ಜೋಡಿಸಿ, ನೀವು ಒಪ್ಪಿಗೆ ಕೊಟ್ಟ ವೈದ್ಯರಿಗೆ ಮಾತ್ರ ತೋರಿಸೋದು ಅದರ ಉದ್ದೇಶ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಕಾಗದದಿಂದ ಅದನ್ನ ರಾತ್ರಿ ಹನ್ನೊಂದರ ಕೌಂಟರಿಗೆ ಇಳಿಸಬೇಕು.

ಒಂದು ಮಾತಂತೂ ಖಚಿತ. ಹೊತ್ತು ಮೀರಿದ ಮೇಲೆ 72 ಗಂಟೆ ಅನ್ನೋದು ಉತ್ತರ ಅಲ್ಲ. ಮೆದುಳಿಗೆ 72 ಗಂಟೆ ಪುರುಸೊತ್ತಿರಲ್ಲ. ತುರ್ತು ಸ್ಕ್ಯಾನ್ ಮಾಡೋ ಪ್ರತಿಯೊಂದು ಕಡೆಯೂ, ರೋಗಿಯನ್ನ ಮುಂದಿನ ಆಸ್ಪತ್ರೆಗೆ ಕಳಿಸೋಕೆ ಮುಂಚೆ ಅವರ ಚಿತ್ರ ಮುಂದಿನ ಆಸ್ಪತ್ರೆಗೆ ತಲುಪಿರಬೇಕು. ಆಂಬುಲೆನ್ಸ್‌ಗಿಂತ ಮೊದಲು ಅಂಕಿ ಹೊರಡಬೇಕು. ಸರ್ಕಾರ ಆಸ್ಪತ್ರೆಗಳಿಗೆ ಯಂತ್ರ ಕೊಳ್ಳೋವಾಗ, ಖಾಸಗಿಯವರಿಗೆ ಸ್ಕ್ಯಾನಿಂಗ್ ಗುತ್ತಿಗೆ ಕೊಡೋವಾಗ ಈ ಒಂದು ಷರತ್ತು ಬರೆಯಲಿ. ಜೊತೆಗೆ ಉಗ್ರಾಣಕ್ಕೆ ಬೀಗ ಇದೆಯಾ ಅಂತ ವರ್ಷಕ್ಕೊಮ್ಮೆ ಬಂದು ನೋಡಲಿ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋ ಅಭ್ಯಾಸ ಸಾಕು.

ಇನ್ನು ನಾವು, ನೀವು. ಸ್ಕ್ಯಾನ್‌ಗೆ ದುಡ್ಡು ಕಟ್ಟೋವಾಗಲೇ ಕೇಳಿ: "ಡೈಕಾಮ್ ಫೈಲ್ ಕೊಡ್ತೀರಾ? ಹೇಗೆ ಕೊಡ್ತೀರಾ?" ಇಂಗ್ಲಿಷ್ ಬರಲ್ಲ ಅಂತ ಹಿಂಜರಿಬೇಡಿ. ಡೈಕಾಮ್, ಈ ಒಂದು ಪದ ಸಾಕು. ಕೆಲವು ಸೆಂಟರ್‌ಗಳು ಈಗ ಲಿಂಕ್ ಕಳಿಸ್ತವೆ, ಅದನ್ನ ಕೂಡಲೇ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಲಿಂಕ್ ಎಷ್ಟು ದಿನ ಇರುತ್ತೋ ಹೇಳೋಕೆ ಬರಲ್ಲ. ಸಿಡಿ ಕೊಟ್ಟರೆ ಅದೇ ವಾರ ಯಾರ ಹತ್ರವಾದ್ರೂ ಪೆನ್‌ಡ್ರೈವ್‌ಗೆ ಹಾಕಿಸಿ. ಜೊತೆಗೆ ಬರವಣಿಗೆಯ ರಿಪೋರ್ಟ್ ಇರಲಿ. ಆ ಲಿಂಕನ್ನ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಬೇಕಾದ ವೈದ್ಯರಿಗೆ ಮಾತ್ರ ಕಳಿಸಿ. ಇನ್ನು ಕೌಂಟರ್‌ನಲ್ಲಿ ಕೂತಿರೋ ಹುಡುಗನ ಮೇಲೆ ರೇಗಬೇಡಿ, ಅವನು ನಿಯಮ ಮಾಡಿದವನಲ್ಲ. ಒಂದು ಹಾಳೆಯಲ್ಲಿ ಬರೆದು ಕೊಡಿ, ಸ್ವೀಕೃತಿ ಕೇಳಿ. ಬಾಯಿಮಾತಿಗೆ ಸಿಗದ ಉತ್ತರ ಬರವಣಿಗೆಗೆ ಸಿಗುತ್ತೆ.

ನಾನು ಆ ರಾತ್ರಿ ಇದ್ಯಾವುದನ್ನೂ ಕೇಳಿರಲಿಲ್ಲ. ದಿನಾ ಟಿವಿಯಲ್ಲಿ ಕೂತು ಊರಿಗೆಲ್ಲ ಪ್ರಶ್ನೆ ಕೇಳೋ ನನಗೆ, ನನ್ನ ದೊಡ್ಡಪ್ಪನ ಪರವಾಗಿ ಯಾವ ಪ್ರಶ್ನೆ ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಆ ಆಂಬುಲೆನ್ಸ್ ಘಾಟಿ ಇಳೀತಿರಲಿಲ್ಲವೇನೋ. ನಿಮಗೆ ಹಾಗಾಗೋದು ಬೇಡ.

ಚಿತ್ರ ತೆಗೆಯೋ ಯಂತ್ರ ಆಸ್ಪತ್ರೆಯದ್ದು. ಇಡೋ ಉಗ್ರಾಣ ಆಸ್ಪತ್ರೆಯದ್ದು. ಆದರೆ ಆ ಚಿತ್ರದಲ್ಲಿರೋ ಮೆದುಳು ನಿಮ್ಮದು, ಎದೆ ನಿಮ್ಮದು, ಬಿಲ್ ಕಟ್ಟಿದವರೂ ನೀವೇ. ಕೇಳೋಕೆ ನಾಚಿಕೆ ಯಾಕೆ?

ನಾಳೆ ಬೆಳಗಿನ ಜಾವ ಐದಕ್ಕೆ ಮೆಜೆಸ್ಟಿಕ್‌ನಲ್ಲಿ ಮತ್ತೆ ಬಸ್ಸುಗಳು ಬಂದು ನಿಲ್ತವೆ. ಆ ಕವರ್ ಹಿಡಿದು ಇಳಿಯೋರಲ್ಲಿ ಎಷ್ಟು ಜನ ಬರಲೇಬೇಕಿತ್ತು, ಎಷ್ಟು ಜನ ಊರಲ್ಲೇ ಮಲಗಿ ಗುಣ ಆಗಬಹುದಿತ್ತು? ಆ ಲೆಕ್ಕವನ್ನ ಯಾರಾದ್ರೂ ಕೇಳೋವರೆಗೂ ಯಾರೂ ಇಡಲ್ಲ.